ಲೇಜಿ ಅಂದರೆ ಸೋಮಾರಿ ಅಲ್ಲವಂತೆ

ಮೊಮ್ಮಗಳು ಕೊರಳಿಗೆ ಕಾರ್ಡು ನೇತುಹಾಕಿಕೊಂಡು ನಮ್ಮ ಕಣ್ಣಾಸ್ಪತ್ರೆಯ ಗೇಟಿನೊಳಗೆ ಬಂದ ಬೆಳಿಗ್ಗೆ, ರೆಕಾರ್ಡ್ ರೂಮಿನ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತಿದ್ದ ನಾನು ಎದ್ದು ನಿಂತುಬಿಟ್ಟೆ. ಡಾಕ್ಟರು ಬಂದರೆ ಏಳುವುದು ಅಭ್ಯಾಸ. ಆದರೆ ಎದುರಿಗೆ ಬಂದವಳು ಒಂದು ಗಂಟೆಯ ಹಿಂದೆ ನನ್ನ ಕೈಯಲ್ಲಿ ಜಡೆ ಹಾಕಿಸಿಕೊಂಡವಳು.

"ಕೂತ್ಕೋ ಅಜ್ಜಿ, ಎಲ್ಲಾರೂ ನೋಡ್ತಾವ್ರೆ" ಅಂತ ಹಲ್ಲು ಕಚ್ಚಿ ಅಂದಳು.

ನೋಡಲಿ ಅಂತಲೇ ನಾನು ಎದ್ದಿದ್ದು. ಬೋಗಾದಿಯಿಂದ ಸರಸ್ವತಿಪುರಂವರೆಗೆ ಬಸ್ಸಿನಲ್ಲಿ ಕಂಡಕ್ಟರಿಗೆ ಹೇಳಿದ್ದೆ, ಹೂವಿನವಳಿಗೆ ಹೇಳಿದ್ದೆ, ಗೇಟಿನ ಕಾವಲಿನವನಿಗೆ ಎರಡು ಸಲ ಹೇಳಿದ್ದೆ: ನನ್ನ ಮೊಮ್ಮಗಳು ನಮ್ಮ ಆಸ್ಪತ್ರೆಗೇ ಬರುತ್ತಾಳೆ, ಫೈಲುಗಳನ್ನೆಲ್ಲ ಕಂಪ್ಯೂಟರಿಗೆ ಹಾಕಲು ಬರುತ್ತಾಳೆ, ಅವಳಿಗೆ ಡಾಕ್ಟರೇ ಕುರ್ಚಿ ಕೊಡುತ್ತಾರೆ ಅಂತ. ಕೊಟ್ಟರು ಕೂಡ. ಆ ಕುರ್ಚಿಯನ್ನು ನಾನೇ ಒರೆಸಿದೆ.

ಈ ಸಂತೋಷವನ್ನು ಬರೆಯೋಣ ಅಂತ ಕೂತರೆ ಕೈ ಬೇರೆ ಕಡೆಗೇ ಹೋಗುತ್ತದೆ. ನಾನು ಇಲವಾಲದ ಶಾಲೆಯಲ್ಲಿ ಐದನೇ ಕ್ಲಾಸಿನವರೆಗೆ ಓದಿದವಳು. ಸುತ್ತಿ ಬಳಸಿ ಬರೆಯಲು ಬರುವುದಿಲ್ಲ. ಆಮೇಲಿನ ಮೂರು ವಾರ ನಾನು ನಡೆದುಕೊಂಡ ರೀತಿ ನಾಚಿಕೆಯದು. ಅದನ್ನು ಬಿಟ್ಟು ಸಂತೋಷ ಒಂದನ್ನೇ ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ಮೊದಲ ದಿನವೇ ಹಿರಿಯ ಡಾಕ್ಟರ ಕೋಣೆಯಲ್ಲಿ ಮಾತುಕತೆ. ಡಾಕ್ಟರು, ನಮ್ಮ ಸೂಪರ್‌ವೈಸರು, ಮೊಮ್ಮಗಳ ಕಂಪನಿಯ ಟೀಮ್ ಲೀಡು, ನೋಟ್‌ಬುಕ್ ತೆರೆದುಕೊಂಡ ಮೊಮ್ಮಗಳು. ನನ್ನನ್ನು ಬಾಗಿಲ ಹತ್ತಿರ ನಿಲ್ಲಿಸಿಕೊಂಡಿದ್ದರು, ಫೈಲು ತರುವವಳು ನಾನೇ ಆದ್ದರಿಂದ. ಟೀಮ್ ಲೀಡು ಮೆತ್ತಗಿನ ಮನುಷ್ಯ, ಆದರೆ ಮಾತು ನೇರ. ಈ ಕೆಲಸ ಪೂರ್ತಿ ಇವಳೊಬ್ಬಳ ಮೇಲಿದೆ, ಇವಳ ಪ್ರೊಬೇಷನ್ ಈ ತಿಂಗಳಿಗೆ ಮುಗಿಯುತ್ತದೆ, ಡಾಕ್ಟರು ಒಪ್ಪಿದರೆ ಕೆಲಸ ಖಾಯಂ, ಒಪ್ಪದಿದ್ದರೆ ಇಲ್ಲ ಎಂದು ಎಲ್ಲರೆದುರೇ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಹೇಳೀಮ್ಮ, ಡಾಕ್ಟ್ರು ಒಂದು ಹೆಸರು ಹೇಳ್ತಾರೆ. ನೀವು ಏನೇನು ತರ್ತೀರಿ?"

"ಒಂದು ಕೇಳುದ್ರೆ ಎಲ್ಲಾ ತರ್ತೀನಿ ಸಾರ್. ಎರಡ್ನೇ ಸಲ ಕರುಸ್ಕೊಳೋ ಆಳಲ್ಲ ನಾನು."

"ಅದು ನಿಜ" ಅಂದರು ಸೂಪರ್‌ವೈಸರು, ನಗುತ್ತಾ. "ಈಗ ಈವಮ್ಮನ್ನ ಯಾರೂ ಸೋಮಾರಿ ಅನ್ನಂಗಿಲ್ಲ."

ಆ 'ಈಗ' ಅನ್ನುವುದು ನನಗೊಬ್ಬಳಿಗೆ ಮಾತ್ರ ಚುಚ್ಚಿತು. ಮೊಮ್ಮಗಳು ನನ್ನ ಮಾತನ್ನು ಹಾಗೆಯೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಬರೆದು, ಕೆಳಗೆ ಗೆರೆ ಎಳೆದಳು.

ನಾನು ಹೇಳಿದ್ದು ಸುಳ್ಳು.

ಸಂಜೆ ಮನೆಯಲ್ಲಿ ಇಬ್ಬರೂ ಅವರೆಕಾಯಿ ಸುಲಿಯುತ್ತಾ ಕೂತಿದ್ದೆವು. ನಿನ್ನ ಕೆಲಸ ಎಂಥದ್ದು ನನಗೂ ಹೇಳು ಅಂದೆ. ಅವಳಿಗೆ ಹೇಳುವುದೆಂದರೆ ಹಬ್ಬ.

"ನೋಡಜ್ಜಿ, ರೆಕಾರ್ಡ್ ರೂಮು ಇದೆಯಲ್ಲ, ಅದು ಡೇಟಾಬೇಸ್. ಅಲ್ಲಿ ಎಲ್ಲಾನೂ ಟೇಬಲ್ ಥರ, ಸಾಲುಸಾಲಾಗಿ ಇರುತ್ತೆ. ಜಾವಾ ಅನ್ನೋ ಕಂಪ್ಯೂಟರ್ ಭಾಷೇಲಿ ನಾನು ಬರಿಯೋದು 'ರೋಗಿ' ಅಂತ ಒಂದು ಕ್ಲಾಸು."

"ಯಾವ ಸ್ಕೂಲಿನ ಕ್ಲಾಸು?"

"ಸ್ಕೂಲಲ್ಲ ಕಣಜ್ಜಿ, ಅಚ್ಚು. ಕಡುಬಿನ ಅಚ್ಚು ಇಲ್ವಾ, ಅಂಗೆ. ಆ ಸಾಲುಗಳನ್ನ ತಂದು ಈ ಅಚ್ಚಲ್ಲಿ ತುಂಬಿ, ಡಾಕ್ಟ್ರು ಕೈಗೆ ಇಡೀ ರೋಗಿ ಮಾಡಿ ಕೊಡೋಕೆ ಮಧ್ಯದಲ್ಲಿ ಒಬ್ಬ ಆಳು ಇರ್ತಾನೆ. ಮನುಷ್ಯ ಅಲ್ಲ, ಪ್ರೋಗ್ರಾಮು. ಅಂದ್ರೆ ನೀನೇ."

ನನಗೆ ಅವರೆಕಾಯಿ ಕೈಯಿಂದ ಜಾರಿತು, ಸಂತೋಷಕ್ಕೆ. ನನ್ನಂಥವಳೊಬ್ಬಳು ಕಂಪ್ಯೂಟರಿನೊಳಗೂ ಓಡಾಡುತ್ತಾಳೆ!

"ಆ ಆಳಿಗೆ ಮೊದಲೇ ಹೇಳಿಡ್ಬೇಕು" ಅಂತ ಮುಂದುವರಿಸಿದಳು. "ರೋಗಿ ಹೆಸರು ಕೇಳಿದ ತಕ್ಷಣ ಅವರ ಹಳೇ ಚೀಟಿ, ಕನ್ನಡಕದ ನಂಬರು, ಕಣ್ಣಿನ ಫೋಟೋ ಎಲ್ಲಾ ಒಟ್ಟಿಗೇ ತಾ ಅಂದ್ರೆ, ಅದು ಈಗರ್."

"ಈಗಲೇ ತರೋದು. ಹೆಸರೇ ಹೇಳ್ತದಲ್ಲ."

ಅವಳು ನಕ್ಕಳು. "ಚೆನ್ನಾಗಿದೆ! ಇನ್ನೊಂದು, ಹೆಸರು ಮಾತ್ರ ತಾ, ಮಿಕ್ಕಿದ್ದಕ್ಕೆ ಖಾಲಿ ಲಕೋಟೆ ಇಡು, ಯಾರಾದ್ರೂ ಲಕೋಟೆ ಬಿಚ್ಚಿದ್ರೆ ಮಾತ್ರ ಓಡಿಹೋಗಿ ತಾ ಅನ್ನೋದು. ಅದು ಲೇಜಿ. ನಂಗೆ ಒಂದೆರಡು ಕಡೆ ಲೇಜಿ ಹಾಕೋಣ ಅನ್ನಿಸ್ತದೆ."

ನನಗೆ ಬರುವ ಇಂಗ್ಲಿಷ್ ಪದಗಳು ಕಡಿಮೆ. ಇದು ಮಾತ್ರ ಚೆನ್ನಾಗಿ ಗೊತ್ತು.

ಮೊಮ್ಮಗಳು ಇನ್ನೂ ಪ್ರೈಮರಿ ಶಾಲೆಯಲ್ಲಿದ್ದಾಗಿನ ಮಾತು. ಒಂದು ಮಧ್ಯಾಹ್ನ ಡಾಕ್ಟರು ಒಬ್ಬ ಮೇಷ್ಟರ ಫೈಲು ಕೇಳಿದರು. ಮಂಡಿ ನೋಯುತ್ತಿತ್ತು. ದಿನವೂ ಡಾಕ್ಟರು ನೋಡುವುದು ಮೇಲಿನ ಹಾಳೆ ಒಂದನ್ನೇ ತಾನೆ ಅಂತ ಅದೊಂದನ್ನು ಕೊಟ್ಟು, ರೂಮಿಗೆ ಬೀಗ ಹಾಕಿಕೊಂಡು ಊಟಕ್ಕೆ ಹೋದೆ. ಇಂಥ ಔಷಧಿ ಇವರಿಗೆ ಆಗುವುದಿಲ್ಲ ಎಂದು ಬರೆದ ಹಾಳೆ ಕಟ್ಟಿನೊಳಗೆ ಉಳಿಯಿತು. ಡಾಕ್ಟರು ನನ್ನನ್ನು ಕರೆಸಿದರೆ ನಾನಿಲ್ಲ, ಬಾಗಿಲಿಗೆ ಬೀಗ. ಮೇಷ್ಟರಿಗೂ ಆ ಔಷಧಿಯ ಹೆಸರು ನೆನಪಿಗೆ ಬರಲಿಲ್ಲವಂತೆ. ಡಾಕ್ಟರು ಕಣ್ಣಿಗೆ ಅದೇ ಔಷಧಿಯ ಹನಿ ಹಾಕಿದರು. ಮಾರನೆಯ ದಿನ ಮೇಷ್ಟರ ಎರಡೂ ರೆಪ್ಪೆ ಊದಿಕೊಂಡಿದ್ದವು. ಆ ವಾರವೇ ಅವರ ಮಗಳ ಮದುವೆ. ಕಪ್ಪು ಕನ್ನಡಕ ಹಾಕಿಕೊಂಡೇ ಧಾರೆ ಎರೆದರಂತೆ. ದೃಷ್ಟಿಗೆ ಏನೂ ಆಗಲಿಲ್ಲ, ಪುಣ್ಯ. ಸೂಪರ್‌ವೈಸರು ವರಾಂಡದಲ್ಲಿ ರೋಗಿಗಳೆಲ್ಲರ ಎದುರು "ಲೇಜಿ ಹೆಂಗಸು! ಸೋಮಾರಿ!" ಅಂದರು. ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಅಂದಿದ್ದರಿಂದ ನನಗೆ ಅರ್ಥ ತಪ್ಪಿಹೋಗುವ ಹಾಗೇ ಇರಲಿಲ್ಲ.

ಮೊಮ್ಮಗಳಿಗೆ ಇದೊಂದೂ ಗೊತ್ತಿಲ್ಲ. ಮನೆಯಲ್ಲಿ ಯಾರಿಗೂ ಹೇಳಿದವಳಲ್ಲ ನಾನು.

"ಬ್ಯಾಡ ಕಣವ್ವ" ಅಂದೆ. "ನಿನ್ನ ಕೆಲಸದೊಳಗೆ ಆ ಮಾತು ಬರೀಬ್ಯಾಡ. ಸೋಮಾರಿ ಅನ್ನುಸ್ಕೊಬ್ಯಾಡ. ಎಲ್ಲಾನೂ ಈಗಲೇ ತರ್ಲಿ. ನನ್ನಾಣೆ ಅದೆ ನೋಡು."

"ಅಯ್ಯೋ, ಇದಕ್ಕೆಲ್ಲಾ ಆಣೆ ಇಡ್ತಾರಾ?"

"ಇಟ್ಟಾಯ್ತು."

ಅವಳು ತಲೆ ಆಡಿಸಿದಳು. ಆಣೆಗೆ ಹೆದರಿದಳು ಅಂತ ಹೇಳುವುದಿಲ್ಲ, ಅವಳು ಅಷ್ಟು ಪುಕ್ಕಲಲ್ಲ. ಫೈಲು ತರುವ ಅಜ್ಜಿಯೇ ಎಲ್ಲ ತರುತ್ತೇನೆಂದು ಎಲ್ಲರೆದುರು ಹೇಳಿದ್ದಾಳೆ, ಡಾಕ್ಟರಿಗೂ ಅದೇ ಅಭ್ಯಾಸವಿರಬೇಕು ಎಂದುಕೊಂಡಳು. ನನ್ನನ್ನು ನಂಬಿದಳು. ತಾನೇ ಕಲ್ಪಿಸಿಕೊಂಡ ಹತ್ತು ಸುಳ್ಳು ರೋಗಿಗಳನ್ನು ಇಟ್ಟುಕೊಂಡು ಆಫೀಸಿನಲ್ಲಿ ಓಡಿಸಿ ನೋಡಿದಳಂತೆ. ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು. ಹತ್ತು ಫೈಲು ಹೊರುವುದಾದರೆ ನಾನೂ ಓಡುತ್ತೇನೆ.

ಅವಳ ಪ್ರೋಗ್ರಾಮನ್ನು ಆಸ್ಪತ್ರೆಯಲ್ಲಿ ಮೊದಲ ಸಲ ಹಾಕಿ ನೋಡುವ ದಿನ ನಾನು ಮದುವೆಗೆ ಉಡುವ ಸೀರೆ ಉಟ್ಟುಕೊಂಡು ಹೋಗಿದ್ದೆ. ವರ್ಷಗಟ್ಟಲೆಯ ಫೈಲುಗಳು ಅಷ್ಟರಲ್ಲಿ ಕಂಪ್ಯೂಟರಿನೊಳಗೆ ಸೇರಿದ್ದವು. ಚೀಟಿ ಕೌಂಟರಿನವಳು ಅಂದಿನ ರೋಗಿಗಳ ಪಟ್ಟಿ ಬೇಕೆಂದು ಒತ್ತಿದಳು. ಪಟ್ಟಿಗೆ ಬೇಕಾದದ್ದು ಹೆಸರು, ನಂಬರು, ಅಷ್ಟೇ. ಪರದೆಯ ಮೇಲೆ ಒಂದು ಚಕ್ರ ತಿರುಗತೊಡಗಿತು. ತಿರುಗಿತು. ತಿರುಗುತ್ತಲೇ ಇತ್ತು. ಸಾಲು ವರಾಂಡ ದಾಟಿ ಗೇಟಿಗೆ ಹೋಯಿತು.

"ಏನಮ್ಮಾ, ಈ ಚಕ್ರ ನೋಡಿ ನೋಡಿ ನನ್ನ ಪೊರೆ ಇನ್ನೂ ದಪ್ಪ ಆಯ್ತು" ಅಂತ ಒಬ್ಬ ಮುದುಕರು ಅಂದರು. ಸಾಲೆಲ್ಲ ನಕ್ಕಿತು. ಮೊಮ್ಮಗಳ ಕಿವಿ ಕೆಂಪಾಯಿತು.

ಅವಳು ತನ್ನ ಲ್ಯಾಪ್‌ಟಾಪ್ ತೆರೆದು ನೋಡಿದಳು. ಪರದೆಯ ತುಂಬ ಸಾಲುಗಳು ಇರುವೆ ಹರಿದಂತೆ ಹರಿಯುತ್ತಿದ್ದವು. ಪಟ್ಟಿಯಲ್ಲಿದ್ದ ಒಬ್ಬೊಬ್ಬರಿಗೂ ಅವರು ಬಂದಿದ್ದ ಅಷ್ಟೂ ಸಲದ ಚೀಟಿ, ಒಂದೊಂದು ಚೀಟಿಯ ಹಿಂದೆ ಕಣ್ಣಿನ ಫೋಟೋಗಳು, ಆಪರೇಷನ್ ಕಾಗದ, ಎಲ್ಲವನ್ನೂ ಆ ಒಳಗಿನ ಆಳು ತಲೆಯ ಮೇಲೆ ಹೊತ್ತು ತರುತ್ತಿದ್ದ. ಬರೀ ಹೆಸರು ಕೂಗುವುದಕ್ಕೆ! ಅವತ್ತು ಮತ್ತೆ ಕಾಗದದ ಫೈಲುಗಳಲ್ಲೇ ಕೆಲಸ ನಡೆಸಿದೆವು. ಮದುವೆ ಸೀರೆಯಲ್ಲಿ ನಾನೇ ಓಡಾಡಿ ತಂದುಕೊಟ್ಟೆ.

ತಂದುಕೊಟ್ಟೆ, ನಿಜ. ಹೇಗೆ ತಂದೆ ಎಂಬುದನ್ನು ಅವಳು ನೋಡದ ಹಾಗೆ ತಂದೆ. ಅದೇ ನನ್ನ ದೊಡ್ಡ ತಪ್ಪು.

ಮಾರನೆಯ ದಿನ ಅವಳು ನನ್ನ ಆಣೆಯನ್ನು ಮೂಲೆಗಿಟ್ಟು, ನನಗೆ ಹೇಳದೆ, ಎಲ್ಲವನ್ನೂ ಲೇಜಿ ಮಾಡಿಬಿಟ್ಟಳು. ಆ ವಾರವೇ ಎರಡನೇ ಪರೀಕ್ಷೆ. ಪಟ್ಟಿ ತಟ್ಟನೆ ಬಂತು. ಚೀಟಿ ಕೌಂಟರಿನವಳು ಚಪ್ಪಾಳೆ ತಟ್ಟಿದಳು. ನಾನೂ ತಟ್ಟಿದೆ, ಏನಾಗಿದೆ ಎಂದು ತಿಳಿಯದೆ.

ಆಮೇಲೆ ಡಾಕ್ಟರ ಕೋಣೆಯಿಂದ ಕರೆ ಬಂತು. ರೋಗಿಯ ಹೆಸರಿನ ಪುಟ ತೆರೆದಿತ್ತು. ಕೆಳಗೆ 'ಔಷಧಿಗಳು' ಎಂಬಲ್ಲಿ ಒತ್ತಿದರೆ ಕೆಂಪಕ್ಷರದಲ್ಲಿ ಏನೋ ಉದ್ದಕ್ಕೆ ಬಂದು ನಿಂತಿತು.

"ಏನಿದು?" ಅಂದರು ಡಾಕ್ಟರು.

"ಸೆಷನ್ ಮುಚ್ಚಿಹೋಗಿದೆ ಸಾರ್" ಅಂದಳು ಮೊಮ್ಮಗಳು. ದನಿ ಸಣ್ಣಗಾಗಿತ್ತು. "ಹೆಸರು ಕೊಟ್ಟ ತಕ್ಷಣ ಡೇಟಾಬೇಸಿನ ಬಾಗಿಲು ಮುಚ್ಚುತ್ತೆ. ಆಮೇಲೆ ನೀವು ಲಕೋಟೆ ಬಿಚ್ಚಿದ್ರಿ. ತರೋಕೆ ಹೋದ್ರೆ ಬೀಗ."

ಬಾಗಿಲಲ್ಲಿ ನಿಂತಿದ್ದ ನನಗೆ ಹಳೆಯದೆಲ್ಲ ಕಣ್ಣಮುಂದೆ ಬಂತು. ಬೀಗ ಹಾಕಿದ ಬಾಗಿಲು. ಒಳಗೆ ಉಳಿದ ಔಷಧಿಯ ಹಾಳೆ. ಮೇಷ್ಟರ ರೆಪ್ಪೆ.

ಕನ್ನಡಕದ ವಿಭಾಗದ್ದು ಇನ್ನೊಂದು ಗೋಳು. ಅಲ್ಲಿ ಬೆಳಿಗ್ಗೆ ಪಟ್ಟಿಯಲ್ಲಿರುವ ಎಲ್ಲರ ಹಳೆ ನಂಬರೂ ಒಟ್ಟಿಗೆ ಬೇಕು. ಒಳಗಿನ ಆಳು ಪಟ್ಟಿಗೆ ಒಂದು ಸಲ ಓಡಿ, ಆಮೇಲೆ ಒಬ್ಬೊಬ್ಬರ ನಂಬರಿಗೂ ಒಂದೊಂದು ಸಲ ಓಡುತ್ತಿದ್ದ. ಅರವತ್ತು ಜನಕ್ಕೆ ಅರವತ್ತೊಂದು ಓಟ. ಮತ್ತೆ ಚಕ್ರ.

ಡಾಕ್ಟರು ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. ಟೀಮ್ ಲೀಡು ಗಡಿಯಾರ ನೋಡಿಕೊಂಡು, ಮೊಮ್ಮಗಳಿಗೆ ಹೇಳಿದರು: "ಇದನ್ನ ನಾಳೆಯಿಂದ ಬೇರೆಯವರಿಗೆ ಕೊಡೋಣ. ನಿನ್ನ ಬಗ್ಗೆ ತಿಂಗಳ ಕೊನೇಲಿ ಮಾತಾಡೋಣ."

ಅವಳು "ಸರಿ ಸಾರ್" ಅಂದಳು. ನೋಟ್‌ಬುಕ್ ಮುಚ್ಚಿದಳು. ಮುಚ್ಚುವ ಮೊದಲು ಅವಳ ಹೆಬ್ಬೆರಳು ಮೊದಲನೇ ಪುಟದ ಮೇಲಿತ್ತು. ನನ್ನ ಸುಳ್ಳಿನ ಕೆಳಗೆ ಅವಳು ಎಳೆದ ಗೆರೆ ನನಗೆ ಕಂಡಿತು.

ಸೂಪರ್‌ವೈಸರು ಅಲ್ಲೇ ಇದ್ದರು. ಅವರ ಎದುರು ಬಾಯಿ ಬಿಟ್ಟರೆ ಇಷ್ಟು ವರ್ಷ ಕಟ್ಟಿಕೊಂಡ ನನ್ನ ಹೆಸರು ಹೋಯಿತು. ಬಿಡದಿದ್ದರೆ ಮೊಮ್ಮಗಳ ಕೆಲಸ ಹೋಯಿತು. ಯೋಚನೆ ಮಾಡಿದೆ ಅಂತ ಬರೆಯಬಹುದು. ಆದರೆ ಮಾಡಲಿಲ್ಲ. ಅವಳು ಚೀಲ ಹೆಗಲಿಗೆ ಹಾಕಿದ್ದು ನೋಡಿ ಬಾಯಿ ತಾನಾಗಿ ತೆರೆಯಿತು.

"ಸಾರ್, ನಾ ಸುಳ್ಳು ಹೇಳ್ಬುಟ್ಟೆ."

ಎಲ್ಲರೂ ತಿರುಗಿದರು.

"ಎಲ್ಲಾ ತರ್ತೀನಿ ಅಂದೆ. ತರಾಕಿಲ್ಲ ಸಾರ್. ಯಾರ ಕೈಲಾದದು? ಬನ್ನಿ, ತೋರುಸ್ತೀನಿ."

ರೆಕಾರ್ಡ್ ರೂಮಿನ ಬಾಗಿಲು ತೆರೆದೆ. ಒಂದು ಫೈಲು ಎಳೆದು ಅವರ ಕೈಗೆ ಕೊಟ್ಟೆ. ಮೇಲಿನ ಹಾಳೆಗೆ ಇನ್ನೊಂದು ಹಾಳೆಯನ್ನು ಕೆಂಪು ದಾರದಿಂದ ಹೊಲಿದಿದ್ದೆ.

"ಇದೇನು?" ಅಂದರು ಟೀಮ್ ಲೀಡು.

"ಯಾವ ಔಷಧಿ ಆಗಾಕಿಲ್ಲ ಅನ್ನೋ ಹಾಳೆ. ಎಲ್ಲೋ ನಡುಮಧ್ಯ ಇರ್ತಿತ್ತು. ನಾನೇ ಕಿತ್ತು, ಮುಂದುಕ್ಕೆ ತಂದು ಹೊಲುದೆ. ಹೆಸರು ಬಂದ್ರೆ ಅದ್ರ ಜೊತೆ ಇದೂ ಬರ್ಲೇಬೇಕು, ಕೇಳ್ಲಿ, ಬುಡ್ಲಿ. ಈ ಎರಡೇ ಹಾಳೆ ನಾ ತಗೊಂಡೋಗದು. ಹಳೇ ಚೀಟಿ ಕೇಳುದ್ರೆ ಮಾತ್ರ. ಫೋಟೋ ಅಗೋ ಆ ಬೀರೂನಲ್ಲಿ ಬ್ಯಾರೆ ಇಟ್ಟಿವ್ನಿ, ಆಪರೇಷನ್‌ನವರು ಕೇಳ್ದೆ ಅದ್ನ ಮುಟ್ಟಾಕಿಲ್ಲ."

"ಕನ್ನಡಕದವರಿಗೆ?" ಅಂತ ಕೇಳಿದವಳು ಮೊಮ್ಮಗಳು. ಚೀಲ ಇನ್ನೂ ಹೆಗಲ ಮೇಲೇ ಇತ್ತು.

"ಅವರ ಪಟ್ಟಿ ಇಸ್ಕೊಂಡು ತಟ್ಟೆ ತಗೊಂಡ್ ಒಳೀಕ್ ಹೋಯ್ತೀನಿ. ಅಷ್ಟೂ ಜನದ ನಂಬರಿನ ಹಾಳೆ ಒಂದೇ ಸಲಕ್ಕೆ ಕಿತ್ಕೊಂಡು ತಟ್ಟೆಲಿ ಜೋಡ್ಸ್ಕೊಂಡ್ ಬತ್ತೀನಿ. ಒಂದೇ ಓಟ."

"ಮತ್ತೆ ಬಾಗಿಲು?"

"ಡಾಕ್ಟ್ರು ಕುರ್ಚಿ ಬುಟ್ಟು ಎದ್ಮೇಲೇಯ ಬೀಗ. ಅದ್ಕೇ ಈ ಸ್ಟೂಲು."

ನಾನೇ ಹೇಳಿ ಮುಗಿಸಿದೆ: ಹಿಂದೊಮ್ಮೆ ನನ್ನನ್ನು ಸೋಮಾರಿ ಎಂದಿದ್ದರು, ಕಡಿಮೆ ತರುವುದನ್ನು ನೋಡಿದರೆ ಮತ್ತೆ ಅಂದಾರು ಎಂದು, ಕೈಯಲ್ಲಿ ಯಾವಾಗಲೂ ಬೇಡದ ನಾಲ್ಕು ಹಳೇ ಫೈಲು ದಪ್ಪಕ್ಕೆ ಹಿಡಿದುಕೊಂಡು ಓಡಾಡುತ್ತಿದ್ದೆ, ಅದನ್ನು ನೋಡಿ ಎಲ್ಲರೂ ನಾನು ಎಲ್ಲ ತರುತ್ತೇನೆ ಅಂದುಕೊಂಡಿದ್ದರು. ಮೇಷ್ಟರ ಸುದ್ದಿ ಮಾತ್ರ ಎತ್ತಲಿಲ್ಲ. ಅಷ್ಟು ಹೇಳಿದ ಮೇಲೂ ಅದೊಂದನ್ನು ಬಚ್ಚಿಟ್ಟುಕೊಂಡೆ.

ಸೂಪರ್‌ವೈಸರು ನೆಲ ನೋಡುತ್ತಿದ್ದರು. ಟೀಮ್ ಲೀಡು ಆ ಕೆಂಪು ದಾರವನ್ನು ಬೆರಳಿನಿಂದ ಸವರಿ ಮೊಮ್ಮಗಳ ಕಡೆ ನೋಡಿ, "ಎಷ್ಟು ದಿನ ಬೇಕು?" ಅಂದರು.

"ನಾಲ್ಕು ದಿನ ಸಾರ್."

"ಮಾಡು."

ಮನೆಗೆ ಹೋಗುವ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಬೋಗಾದಿ ಹತ್ತಿರ ಬಂದ ಮೇಲೆ ಅಂದಳು: "ನಂಗೊಬ್ಳಿಗಾದ್ರೂ ಹೇಳ್ಬೋದಿತ್ತು ಅಜ್ಜಿ. ಎಲ್ಲಾರ ಮುಂದೆ ನಾನು ಪೆದ್ದಿ ಥರ ನಿಂತ್ಕೊಂಡಿದ್ದೆ, ಎರಡು ಸಲ."

"ತಪ್ಪಾಯ್ತು ಕಣವ್ವ."

"ಲೇಜಿ ಅಂದ್ರೆ ಸೋಮಾರಿ ಅಲ್ಲ. ಬೇಕಾದಾಗ ಮಾತ್ರ ತರೋದು, ಅಷ್ಟೇ. ನಮ್ಮಲ್ಲಿ ಅದನ್ನ ಯಾರೂ ಬೈಗುಳ ಅನ್ಕೊಳಲ್ಲ."

ನಿಮ್ಮಲ್ಲಿ ಇಲ್ಲ, ನಮ್ಮಲ್ಲಿ ಇದೆ ಅನ್ನೋಣ ಅನ್ನಿಸಿತು.

ಆ ನಾಲ್ಕು ದಿನ ಅವಳು ಆಫೀಸಿನಿಂದ ಬಂದವಳೇ ನನ್ನನ್ನು ಕೇಳುತ್ತಿದ್ದಳು, ಮುಖ ಬಿಗಿದುಕೊಂಡೇ. ಯಾವ ಕೌಂಟರಿನವರು ಏನು ಕೇಳುತ್ತಾರೆ, ಯಾವುದನ್ನು ಎಂದೂ ಕೇಳುವುದಿಲ್ಲ. ನಾನು ಹೇಳಿದಂತೆ ಬರೆದುಕೊಂಡಳು, ಆದರೆ ಈ ಸಲ ಬರೆದುಕೊಂಡು "ನಿಜಾನಾ?" ಅಂತ ಪ್ರತಿ ಮಾತಿಗೂ ಕೇಳಿದಳು. ಆ ಮೂರಕ್ಷರ ನನಗೆ ಸಲ್ಲಬೇಕಾದದ್ದೇ. ಕೊನೆಗೆ ಹೀಗೆ ಮಾಡಿದಳು: ಎಲ್ಲ ಲೇಜಿ. ಚೀಟಿ ಕೌಂಟರಿನ ಪಟ್ಟಿಗೆ ಹೆಸರು, ನಂಬರು ಮಾತ್ರ. ಕನ್ನಡಕದ ವಿಭಾಗಕ್ಕೆ ಪಟ್ಟಿಯನ್ನೂ ನಂಬರುಗಳನ್ನೂ ಒಂದೇ ಓಟದಲ್ಲಿ ಜೋಡಿಸಿ ತರುವಂತೆ ಬರೆದಳು. ಡಾಕ್ಟರು ಔಷಧಿಯೋ ಫೋಟೋವೋ ಒತ್ತಿದರೆ ಹಳೆಯ ಖಾಲಿ ಲಕೋಟೆಯನ್ನು ನಂಬಿ ಕೂರದೆ, ಹೊಸದಾಗಿ ಬಾಗಿಲು ತೆಗೆದು, ತಂದು, ಆಮೇಲೆ ಮುಚ್ಚುವಂತೆ ಮಾಡಿದಳು. ಆಗದ ಔಷಧಿಯ ಹಾಳೆ ಒಂದು ಮಾತ್ರ ರೋಗಿಯ ಪುಟದ ಜೊತೆ ಯಾವಾಗಲೂ ಈಗರ್. ಪ್ರೋಗ್ರಾಮಿನ ಆ ಸಾಲಿನ ಮೇಲೆ, ಮುಂದೆ ಓದುವವರಿಗೆ ಗೊತ್ತಾಗಲೆಂದು ಕನ್ನಡದಲ್ಲಿ 'ಕೆಂಪು ದಾರ, ಬಿಚ್ಚಬಾರದು' ಎಂದು ಬರೆದಳಂತೆ. ಅದನ್ನು ನನಗೆ ತೋರಿಸಿದಾಗ ಅವಳ ಮುಖದ ಬಿಗಿ ಸ್ವಲ್ಪ ಸಡಿಲಾಗಿತ್ತು.

ಐದನೇ ದಿನ ಮತ್ತೆ ಡಾಕ್ಟರ ಕೋಣೆ. ಮದುವೆ ಸೀರೆ ಉಡಲಿಲ್ಲ. ಪಟ್ಟಿ ತಟ್ಟನೆ ಬಂತು. ಕನ್ನಡಕದ ವಿಭಾಗದಿಂದ ಯಾರೂ ಕೂಗಲಿಲ್ಲ. ಕೂಗದಿದ್ದರೆ ಎಲ್ಲ ಸರಿಯಿದೆ ಎಂದೇ ಅರ್ಥ. ಡಾಕ್ಟರು ಒಂದೊಂದೇ ಒತ್ತಿ ನೋಡಿ, "ಹೂಂ, ಇದು ಆಗುತ್ತೆ" ಅಂದರು. ಟೀಮ್ ಲೀಡು ಮೊಮ್ಮಗಳ ಬೆನ್ನು ತಟ್ಟಿದರು. ನನ್ನ ಕೂಸು! ಇಲ್ಲೇ, ನಾನು ಕಸ ಗುಡಿಸಿದ ಕೋಣೆಯಲ್ಲೇ!

"ಹಳೇದೊಂದು ನೋಡೋಣ" ಅಂದಳು ಮೊಮ್ಮಗಳು. "ಅಜ್ಜಿ, ನಿಂಗೆ ನೆನಪಿರೋ ಯಾವ್ದಾದ್ರೂ ನಂಬರ್ ಹೇಳು."

ಸಾವಿರಾರು ಫೈಲು ಹೊತ್ತವಳು ನಾನು. ನೆನಪಿರುವ ನಂಬರು ಒಂದೇ. ಹೇಳಿದೆ.

ಅವಳು ಒತ್ತಿದಳು. ಮೇಷ್ಟರ ಹೆಸರು ಬಂತು. ಹೆಸರಿನ ಕೆಳಗೆ, ಯಾರೂ ಕೇಳದೆಯೇ, ಕೆಂಪು ಪಟ್ಟಿಯಲ್ಲಿ ಆ ಹನಿಯ ಹೆಸರು. ಆಗದು.

"ಬಂತು!" ಅಂದಳು. ನಗುತ್ತಾ ನನ್ನ ಕಡೆ ತಿರುಗಿದವಳು ನನ್ನ ಮುಖ ನೋಡಿ ನಗು ನಿಲ್ಲಿಸಿದಳು. "ಯಾರಜ್ಜಿ ಇವರು?"

ಡಾಕ್ಟರೂ ನನ್ನನ್ನು ನೋಡಿದರು. ಅವರಿಗೆ ನೆನಪಿತ್ತು. ಮೇಷ್ಟರು ಆಮೇಲೂ ವರ್ಷಕ್ಕೊಮ್ಮೆ ಬರುತ್ತಿದ್ದರು, ಬಂದಾಗಲೆಲ್ಲ ನನ್ನನ್ನೇ ಹುಡುಕಿ "ಚೆನ್ನಾಗಿದ್ದೀಯೇನಮ್ಮ?" ಅಂತ ಕೇಳುತ್ತಿದ್ದರು. ನಾನು ಒಂದು ದಿನವೂ ಅವರಿಗೆ ತಪ್ಪಾಯ್ತು ಎಂದವಳಲ್ಲ. ಫೈಲಿನ ಕಡೆ ನೋಡುತ್ತಾ ಹೂಂ ಅನ್ನುತ್ತಿದ್ದೆ.

"ಕೂತ್ಕೋ" ಅಂದೆ ಮೊಮ್ಮಗಳಿಗೆ. "ಹೇಳ್ತೀನಿ."

ಅವಳು ಕೂರದೆ, ತನಗೆ ಕೊಟ್ಟಿದ್ದ ಕುರ್ಚಿಯನ್ನು ನನ್ನ ಕಡೆ ತಳ್ಳಿದಳು. ಆ ಕೋಣೆಯಲ್ಲಿ ನಾನು ಕೂತದ್ದು ಅದೇ ಮೊದಲು.